ರೀಲು ಬಿಡುವವರಿಗೆ ನಮಸ್ಕಾರ

ಗಾಳದ ದಾರ ಸುತ್ತುವ ಮೀನಿನ ರೀಲು ತಯಾರಿಸುವ ಕಂಪನಿಗಳ ಬಗ್ಗೆ ನಮ್ಮ ಕರಾವಳಿಯ ಗಾಳದವರು ಇತ್ತೀಚೆಗೆ ತೀರಾ ಹಗುರವಾಗಿ ಮಾತಾಡತೊಡಗಿದ್ದಾರೆ. ಸಂಜೆ ಕುಂದಾಪುರದ ಕೋಡಿಯಲ್ಲೋ ಗಂಗೊಳ್ಳಿಯಲ್ಲೋ ಬ್ರೇಕ್‌ವಾಟರಿನ ಕಲ್ಲುಗಳ ಮೇಲೆ ಕೂತು, ಮೀನು ಕಚ್ಚದ ಹೊತ್ತಿನಲ್ಲಿ, "ಒಂದು ಮಳೆಗಾಲ ಬಾಳಲಿಲ್ಲ ಮಾರಾಯ್ರೆ" ಎಂದು ಒಬ್ಬರು ರಾಗ ತೆಗೆದರೆ ಸಾಕು, ಉಳಿದವರು ಶ್ರುತಿ ಹಿಡಿಯುತ್ತಾರೆ. ಏಳು ರೀಲುಗಳ ಒಡೆಯನಾಗಿ (ಅವುಗಳಲ್ಲಿ ತಿರುಗುವವು ಎರಡು) ಈ ಅಪವಾದವನ್ನು ಕೇಳಿಕೊಂಡು ಸುಮ್ಮನಿರಲು ನನಗೆ ಮನಸ್ಸು ಬಾರದು. ಬಡಾಯಿ ಕೊಚ್ಚುವುದಕ್ಕೆ ಕನ್ನಡದಲ್ಲಿ 'ರೀಲು ಬಿಡುವುದು' ಎನ್ನುತ್ತಾರೆ. ಅದು ಸಿನಿಮಾದ ರೀಲಿನಿಂದ ಬಂತೋ ದರ್ಜಿಯ ನೂಲಿನ ರೀಲಿನಿಂದ ಬಂತೋ, ಬಲ್ಲವರು ಹೇಳಲಿ. ಮೀನಿನ ರೀಲಿನ ಡಬ್ಬಿಯಿಂದ ಬಂತು ಎಂದು ಯಾರಾದರೂ ಹೇಳಿದರೆ ಮಾತ್ರ ನಾನು ಒಪ್ಪುವವನಲ್ಲ. ಡಬ್ಬಿಯ ಮೇಲೆ ಬರೆದದ್ದೆಲ್ಲ ಸತ್ಯ. ಆ ಸತ್ಯ ನಡೆಯಬೇಕಾದರೆ ಎಂಥ ಜಾಗ ಬೇಕೋ ಅಂಥ ಜಾಗಕ್ಕೆ ನಾವು ರೀಲನ್ನು ಒಯ್ಯುವುದಿಲ್ಲ, ಅಷ್ಟೇ.

ಅಂಗಡಿಯಿಂದ ಶುರುಮಾಡುತ್ತೇನೆ, ಯಾಕೆಂದರೆ ರೀಲೊಂದರ ಬಾಳಿನ ಸುವರ್ಣಯುಗ ಕಳೆಯುವುದು ಅಲ್ಲಿಯೇ. ಗಾಜಿನ ಕಪಾಟು, ಅದರೊಳಗೆ ಪುಟ್ಟ ದೀಪ, ಮೈಗೆ ಹಿತವಾದ ತಂಪು. ಮಾಲೀಕರು ಡಬ್ಬಿ ಬಿಚ್ಚಿ, ಬಟ್ಟೆಚೀಲದಿಂದ ರೀಲನ್ನು ಎರಡೂ ಕೈಯಲ್ಲಿ ಎತ್ತಿ ಕೊಡುವ ರೀತಿ ನೋಡಿದರೆ ಬಾಣಂತಿಯ ಕೋಣೆಯ ನೆನಪಾಗುತ್ತದೆ. ಗಿರಾಕಿ ಅದನ್ನು ಅಂಗೈಯಲ್ಲಿ ತೂಗಿ, ಹ್ಯಾಂಡಲನ್ನು ಒಮ್ಮೆ ಬೀಸಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾನೆ. ಆಮೇಲೆ ಒಂದೇ ಮಾತು: "ಬೆಣ್ಣೆ."

ಈ ಪರೀಕ್ಷೆಯನ್ನು ಮೀರಿಸುವ ಪರೀಕ್ಷೆ ಇನ್ನೂ ಹುಟ್ಟಿಲ್ಲ. ಒಳಗಿನ ಗ್ರೀಸು ಹೊಸದು, ದಾರ ಸುತ್ತಿಲ್ಲ, ದಾರದ ತುದಿಯಲ್ಲಿ ಮೀನಿಲ್ಲ. ಗೇರಿನ ಹಲ್ಲು ಸಣ್ಣದಾದಷ್ಟೂ ಕೈಗೆ ನುಣುಪು ಹೆಚ್ಚು, ದಪ್ಪವಾದಷ್ಟೂ ಹೊರೆ ತಾಳುವ ಶಕ್ತಿ ಹೆಚ್ಚು ಎಂಬುದು ಯಂತ್ರದ ಕೆಲಸದವರಿಗೆಲ್ಲ ಗೊತ್ತಿರುವ ವಿಚಾರ. ಅಂಗಡಿಯಲ್ಲಿ ಹೊರೆ ಇರುವುದಿಲ್ಲ, ಕೈ ಇರುತ್ತದೆ. ಇರುವುದಕ್ಕೆ ತಕ್ಕ ಹಲ್ಲು ಕೊಟ್ಟರೆ ಅದು ಕಂಪನಿಯ ತಪ್ಪೆ? ಕಡಿಮೆ ಬೆಲೆಯ ರೀಲಿನೊಳಗೆ ದೊಡ್ಡ ಗೇರು ಸಾಮಾನ್ಯವಾಗಿ ಅಚ್ಚಿಗೆ ಹೊಯ್ದ ಸತುವಿನದು. ಸತು ಮೆದು. ಅಂಗಡಿಯಲ್ಲಿ ಅದೂ ಬೆಣ್ಣೆಯೇ. ಬೆಣ್ಣೆಗೆ ಕರಗುವ ಗುಣವೂ ಇದೆ ಎಂದು ಗಿರಾಕಿಗೆ ನೆನಪಿಸುವುದು ಅಂಗಡಿಯವರ ಕೆಲಸವಲ್ಲ.

ಮುಂದೆ ಬೇರಿಂಗಿನ ಲೆಕ್ಕ. ಜಾತಕ ಕೂಡಿಸುವಾಗ ಗುಣ ಎಣಿಸಿದ ಹಾಗೆ ರೀಲಿನಲ್ಲಿ ಬೇರಿಂಗ್ ಎಣಿಸುತ್ತಾರೆ: 5+1, 10+1, 13+1. ಕೊನೆಯ ಆ ಒಂದು ಬಾಲ್ ಬೇರಿಂಗಲ್ಲ, ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ಹಿಡಿದುಕೊಳ್ಳುವ ರೋಲರ್ ಕ್ಲಚ್. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವಾಗ ನೂರು ಕೊಡದೆ 101 ಕೊಡುವ ನಾಡಿನವರಿಗೆ ಆ ಒಂದರ ಘನತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತರ ಪೈಕಿ ಎರಡು ಹ್ಯಾಂಡಲಿನ ಹಿಡಿಗುಂಡಿಯೊಳಗೆ ಕೂತಿರುತ್ತವೆ. ಅಲ್ಲಿ ಅವುಗಳ ಕೆಲಸ ಗಿರಾಕಿಯ ಬೆರಳುಗಳಿಗೆ ಆನಂದ ಕೊಡುವುದು. ದಾರ ಹಾದುಹೋಗುವ ರೋಲರಿನಲ್ಲಿರುವ ಒಂದು ಮಾತ್ರ ಸದಾ ಉಪ್ಪುನೀರು ಕುಡಿಯುತ್ತ ಕೆಲಸ ಮಾಡುತ್ತದೆ. ಎಲ್ಲರಿಗಿಂತ ಮೊದಲು ಸಾಯುವುದೂ ಅದೇ. ಉಳಿದವು ಕ್ರಮವಾಗಿ ಹಿಂಬಾಲಿಸುತ್ತವೆ. ಬೇರಿಂಗಿನ ಜಾಗದಲ್ಲಿ ಹಾಕಬಹುದಾದ ಪ್ಲಾಸ್ಟಿಕ್ ಬುಷ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅದನ್ನು ಡಬ್ಬಿಯ ಮೇಲೆ ಎಣಿಸಲು ಬರುವುದಿಲ್ಲ. ಎಣಿಸಲು ಬಾರದ್ದು ಬಾಳಿದರೆಷ್ಟು, ಬಿಟ್ಟರೆಷ್ಟು! ಅಮೆರಿಕದ ಪೆನ್ ಕಂಪನಿ 1936ರಲ್ಲಿ ತಂದ ಸೆನೇಟರ್ ಎಂಬ ರೀಲಿನಲ್ಲಿ ಭಾರೀ ಭಾರೀ ಟ್ಯೂನಾ ಮೀನುಗಳನ್ನು ಎಳೆದು ಹಾಕಿದರಂತೆ. ಹಾಕಲಿ. 13+1 ಎಂಬ ಮಾತನ್ನು ಕೇಳುವ ಭಾಗ್ಯ ಆ ಬಡಪಾಯಿಗಳಿಗೆ ಇರಲಿಲ್ಲ.

ಡ್ರ್ಯಾಗಿನ ವಿಷಯದಲ್ಲಂತೂ ಕಂಪನಿಗಳ ದಾನಶೂರತೆ ಕರ್ಣನನ್ನು ನಾಚಿಸುವಂಥದು. ಮೀನು ಎಳೆದಾಗ ದಾರ ಕಡಿಯದಂತೆ ಒಂದಿಷ್ಟು ಬಿಗಿಯಲ್ಲಿ ಸ್ಪೂಲು ಜಾರಿಕೊಡುವ ಏರ್ಪಾಡೇ ಡ್ರ್ಯಾಗ್. ನನ್ನ ಅಂಗೈಯಗಲದ ರೀಲಿನ ಮೇಲೆ '15 ಕಿಲೋ' ಎಂದು ಬಂಗಾರದ ಅಕ್ಷರದಲ್ಲಿ ಬರೆದಿದೆ. ಅದಕ್ಕೆ ನಾನು ಸುತ್ತಿದ ದಾರ ಕಡಿಯುವುದು 12 ಕಿಲೋಗೆ. ಡ್ರ್ಯಾಗನ್ನು ದಾರದ ಶಕ್ತಿಯ ಮೂರರಲ್ಲೊಂದು ಪಾಲಿಗೆ ಇಡಬೇಕೆಂಬುದು ಹಳಬರ ಲೆಕ್ಕ, ಹಾಗಾಗಿ ನಾನು ಬಳಸಬಹುದಾದ್ದು 4 ಕಿಲೋ. ಉಳಿದ 11 ಕಿಲೋ ಠೇವಣಿ. ಮನೆಯಲ್ಲಿ ಇಂಥದೊಂದು ಮೊಬಲಗು ಮುಟ್ಟದೆ ಇಟ್ಟಿದ್ದೇವೆ ಎಂಬ ಧೈರ್ಯವೇ ಬೇರೆ. ಒಮ್ಮೆ ಕುತೂಹಲಕ್ಕೆ, ಎರಡು ಮೀಟರಿನ ಕೋಲಿನ ತುದಿಗೆ, 15 ಕಿಲೋ ತೂಗುವಷ್ಟು ನೀರು ತುಂಬಿದ ಕೊಡಪಾನ ಕಟ್ಟಿ ಎತ್ತಿ ನೋಡಿದೆ. ಕೊಡಪಾನ ಅಂಗಳ ಬಿಟ್ಟೇಳಲಿಲ್ಲ. ಕೋಲು ಬಗ್ಗಿ ಹೊರೆಯನ್ನು ಕೊಂಚ ತಗ್ಗಿಸುತ್ತದೆ, ಆದರೂ ನನ್ನ ಸೊಂಟ ಎರಡು ದಿನ ಮಾತಾಡಲಿಲ್ಲ. 15 ಕಿಲೋ ಡ್ರ್ಯಾಗಿನ ರೀಲು ಕೊಡುವವರು 15 ಕಿಲೋ ತಾಳುವ ಮನುಷ್ಯನನ್ನೂ ಡಬ್ಬಿಯಲ್ಲಿಡಬೇಕೆಂದು ಕೇಳುವುದು ಅತಿಯಾಸೆ.

ಡ್ರ್ಯಾಗಿನಲ್ಲಿ ಇನ್ನೊಂದು ಉಪಕಾರವಿದೆ, ಕಂಪನಿಯವರು ಸಂಕೋಚದಿಂದ ಅದನ್ನು ಹೇಳಿಕೊಳ್ಳುವುದಿಲ್ಲ. ದಾರ ಹೊರಗೆ ಹೋದಂತೆ ಸ್ಪೂಲಿನ ಮೇಲಿನ ಸುತ್ತು ಕಿರಿದಾಗುತ್ತದೆ. ಅದರ ವ್ಯಾಸ ಅರ್ಧಕ್ಕಿಳಿದರೆ ಅದೇ ಬಿಗಿಯಲ್ಲಿ ಎಳೆತ ಎರಡರಷ್ಟಾಗುತ್ತದೆ. ಮೀನು ದೂರ ಓಡಿದಷ್ಟೂ ನಿಮ್ಮ ರೀಲು ಪುಕ್ಕಟೆಯಾಗಿ ಬಲಗೊಳ್ಳುತ್ತದೆ ಎಂದಾಯಿತು. ದಾರ ಫಟ್ ಎನ್ನುವವರೆಗೆ.

ಹೆಸರಿಡುವ ಕಲೆಯಲ್ಲಿ ಜಪಾನಿಯರನ್ನು ಮೀರಿಸಿದವರಿಲ್ಲ. ಕತ್ತಿ ಚೂರಿಗೆ ಹೆಸರಾದ ಸಕಾಯ್ ಊರಿನಲ್ಲಿ 1921ರಲ್ಲಿ ಕಣ್ಣುಬಿಟ್ಟು ಸೈಕಲ್ಲಿನ ಫ್ರೀವೀಲ್ ಮಾಡುತ್ತ ಬೆಳೆದ ಕಂಪನಿ ಶಿಮಾನೊ. 1970ರಲ್ಲಿ ಮೀನಿನ ಕಡೆಗೆ ತಿರುಗಿತು. ಅವರ ರೀಲುಗಳ ಮೇಲೆ ಈಗ 'ಹಗಾನೆ' ಎಂಬ ಪದವಿರುತ್ತದೆ. ಹಗಾನೆ ಎಂದರೆ ಅವರ ಭಾಷೆಯಲ್ಲಿ ಉಕ್ಕು. ಹಗಾನೆ ಬಾಡಿ ಅಲ್ಯೂಮಿನಿಯಮ್ಮಿನದು ಅಥವಾ ಮೆಗ್ನೀಸಿಯಮ್ಮಿನದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂದು ನಮ್ಮಲ್ಲಿ ಹಂಗಿಸುತ್ತಾರಲ್ಲ, ಹಂಗಿಸುವವರಿಗೆ ಭಟ್ಟರ ತಂದೆತಾಯಿಯ ಆಸೆ ಅರ್ಥವಾಗಿಲ್ಲ. ಉಕ್ಕಿನಂತೆ ಬಾಳಲಿ ಎಂದು ಹರಸಿ ಇಟ್ಟ ಹೆಸರು ಅದು. ಕಾರ್ಬನ್ ನಾರು ಬೆರೆಸಿದ ಪ್ಲಾಸ್ಟಿಕ್ಕಿಗೆ ಇವರು ಸಿಐ4+ ಎಂದರೆ ಎದುರು ಮನೆಯ ದಾಯಿವಾದವರು ಜೈಯಾನ್ ಎನ್ನುತ್ತಾರೆ. ಹಗುರ, ತುಕ್ಕು ಹಿಡಿಯದು. ನಿಜವಾಗಿಯೂ ಒಳ್ಳೆಯ ವಸ್ತು. ಪ್ಲಾಸ್ಟಿಕ್ ಎಂದೇ ಕರೆದಿದ್ದರೂ ಒಳ್ಳೆಯದಾಗಿಯೇ ಇರುತ್ತಿತ್ತು, ಬೆಲೆ ಮಾತ್ರ ಅಷ್ಟು ಒಳ್ಳೆಯದಾಗಿ ಇರುತ್ತಿರಲಿಲ್ಲ.

ದಾಯಿವಾದವರ ಮ್ಯಾಗ್‌ಸೀಲ್ಡ್ ಇದೆಯಲ್ಲ, ಅದರ ಕತೆ ಇನ್ನೂ ದೊಡ್ಡದು. ತೂಕವಿಲ್ಲದ ಬಾಹ್ಯಾಕಾಶದಲ್ಲಿ ಇಂಧನವನ್ನು ಪಂಪಿನ ಬಾಯಿಗೆ ಎಳೆದು ತರುವುದು ಹೇಗೆ ಎಂದು ತಲೆ ಕೆಡಿಸಿಕೊಂಡ ನಾಸಾದ ಸ್ಟೀವ್ ಪ್ಯಾಪೆಲ್, 1963ರಲ್ಲಿ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ದ್ರವವೊಂದನ್ನು ರೂಪಿಸಿದರು. ಅಂಥದೇ ಎಣ್ಣೆಯನ್ನು ರೀಲಿನ ಸಂದಿಯಲ್ಲಿ ಅಯಸ್ಕಾಂತದಿಂದ ಹಿಡಿದು ನಿಲ್ಲಿಸಿ ಉಪ್ಪುನೀರಿಗೆ ಗೋಡೆ ಕಟ್ಟಿದ್ದಾರೆ. ಚಂದ್ರನಿಗೆ ಹೋಗುವವರ ಎಣ್ಣೆ ಕೊನೆಗೆ ಕೊಕ್ಕರ್ ಮೀನು ಹಿಡಿಯುವವನ ಕೈಗೆ ಬಂತು. ಅದಕ್ಕೊಂದೇ ಕಟ್ಟಳೆ: ಆ ಜಾಗವನ್ನು ನೀವು ಬಿಚ್ಚಬಾರದು, ಬೇರೆ ಎಣ್ಣೆ ಹಾಕಬಾರದು, ಏನಿದ್ದರೂ ಸರ್ವೀಸಿಗೆ ಕಳಿಸಬೇಕು. ಗರ್ಭಗುಡಿಗೆ ಎಲ್ಲರನ್ನೂ ಬಿಡುತ್ತಾರೆಯೇ?

ಈಗ ನೀರಿನ ವಿಚಾರ. ಹೊಸ ರೀಲುಗಳ ಡಬ್ಬಿಯಲ್ಲಿ ಐಪಿಎಕ್ಸ್ ಎಂಬ ಗುರುತೊಂದು ರಾರಾಜಿಸುತ್ತದೆ. ಪೆನ್ನಿನವರ ಸ್ಪಿನ್‌ಫಿಷರ್ ರೀಲಿನ 6ನೆಯ ಅವತಾರಕ್ಕೆ ಐಪಿಎಕ್ಸ್5, ಸ್ಲಾಮರಿನ 3ನೆಯದಕ್ಕೆ ಐಪಿಎಕ್ಸ್6. ಇದು ಐಇಸಿ 60529 ಎಂಬ ಅಂತಾರಾಷ್ಟ್ರೀಯ ಮಾನದಂಡದ ಅಂಕಿ. ಐದು ಎಂದರೆ 6.3 ಮಿಲಿಮೀಟರ್ ಬಾಯಿಯ ಕೊಳವೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಚಿಮ್ಮಿಸಿದರೂ ತಾಳಬೇಕು. ಆರು ಎಂದರೆ ನಿಮಿಷಕ್ಕೆ 100 ಲೀಟರ್. ಏಳು ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿ ಕೂರಬೇಕು. ಎಂಟು ಬಂದಾಗ ಮಾನದಂಡಕ್ಕೇ ಒಂದು ಸೌಜನ್ಯ ಬರುತ್ತದೆ. ಏಳಕ್ಕಿಂತ ಕಠಿಣವಾಗಿರಬೇಕು, ಆದರೆ ಎಷ್ಟು ಆಳ ಎಷ್ಟು ಹೊತ್ತು ಎಂಬುದನ್ನು ತಯಾರಕರೂ ಬಳಸುವವರೂ ಮಾತಾಡಿಕೊಂಡು ನಿರ್ಧರಿಸಬೇಕು. ಬಳಸುವವನು ನಾನು. ಆ ಮಾತುಕತೆಗೆ ನನ್ನನ್ನು ಯಾರೂ ಕರೆದ ನೆನಪಿಲ್ಲ. ಬಹುಶಃ ಆ ದಿನ ನಾನು ಮೀನಿಗೆ ಹೋಗಿದ್ದೆ.

ಪರೀಕ್ಷೆಯ ನೀರು ನಲ್ಲಿಯ ನೀರು. ಸಮುದ್ರದಲ್ಲಿ ಉಪ್ಪಿರುತ್ತದೆ ಎಂಬ ಸಂಗತಿ ಮಾನದಂಡದ ವ್ಯಾಪ್ತಿಗೆ ಬರುವುದಿಲ್ಲ. ಒಣಗಿದ ಮೇಲೆ ನೀರು ಹೋಗಿ ಉಪ್ಪು ಉಳಿಯುತ್ತದೆ, ಆ ಹರಳು ರಬ್ಬರಿನ ಸೀಲನ್ನು ಉಜ್ಜುತ್ತದೆ, ಎರಡು ವರ್ಷದ ಮೇಲೆ ಆ ಸೀಲು ಹೊಸದಿದ್ದಾಗಿನಂತೆ ಇರುತ್ತದೆಯೇ ಎಂಬ ಪ್ರಶ್ನೆಗಳನ್ನೂ ಅದು ಕೇಳುವುದಿಲ್ಲ. ಇನ್ನು ಆ ಎಕ್ಸ್. ಅಲ್ಲಿ ಧೂಳು ತಡೆಯುವ ಶಕ್ತಿಯ ಅಂಕಿ ಇರಬೇಕಿತ್ತು. ಎಕ್ಸ್ ಎಂದರೆ ಆ ಬಗ್ಗೆ ಏನೂ ಹೇಳಿಲ್ಲ ಎಂದರ್ಥ. ಕಡಲತೀರದಲ್ಲಿ ಮರಳು ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿದೆಯಲ್ಲ.

ಡಬ್ಬಿ ಪಕ್ಕಕ್ಕಿಟ್ಟು ಒಳಗಿನ ಕಾಗದ ಓದಿದರೆ ಇನ್ನೊಂದು ಲೋಕ ತೆರೆಯುತ್ತದೆ. ರೀಲನ್ನು ನೀರಿನಲ್ಲಿ ಮುಳುಗಿಸಬೇಡಿ. ರಭಸದ ನೀರು ಹಾಯಿಸಬೇಡಿ. ಡ್ರ್ಯಾಗ್ ಬಿಗಿ ಮಾಡಿ, ನಲ್ಲಿಯ ಸಣ್ಣ ಧಾರೆಯಲ್ಲಿ ಮೆಲ್ಲಗೆ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಡ್ರ್ಯಾಗ್ ಸಡಿಲಿಸಿ. ಬಿಸಿಲು ಬೇಡ, ಮರಳು ಬೇಡ. ನಮ್ಮಜ್ಜಿಯ ಮಡಿ ಸೀರೆಗೂ ಇಷ್ಟು ನೇಮ ಇರಲಿಲ್ಲ. ಆಕೆ ಕೊನೆಪಕ್ಷ ಅದನ್ನು ಬಿಸಿಲಿಗೆ ಹಾಕುತ್ತಿದ್ದಳು. ಡಬ್ಬಿ ಓದಿದವನು ರೀಲನ್ನು ಸಮುದ್ರಕ್ಕೆ ಎಸೆಯಲು ಹೊರಡುತ್ತಾನೆ, ಕಾಗದ ಓದಿದವನು ದೇವರ ಮಂಟಪದಲ್ಲಿ ಇಡಲು ಹೊರಡುತ್ತಾನೆ. ಎರಡನ್ನೂ ಬರೆದವರು ಒಂದೇ ಕಂಪನಿಯವರು ಎಂಬುದೇ ಅವರ ಮನೋವೈಶಾಲ್ಯಕ್ಕೆ ಸಾಕ್ಷಿ.

ಈಗ ನನ್ನ ಸ್ವಂತ ರೀಲಿನ ಮಾತು. ಕಂಪನಿಯ ಹೆಸರು ಹೇಳುವುದಿಲ್ಲ, ಹೊಗಳಿಕೆಗೆ ಅವರು ನಾಚಿಕೊಂಡಾರು. ಡಬ್ಬಿಯ ಮೇಲೆ ಅಲೆಯಿಂದ ನೆಗೆಯುತ್ತಿರುವ ಒಂದು ದೊಡ್ಡ ಮೀನು, ಅದರ ಕೆಳಗೆ 'ಉಪ್ಪುನೀರಿಗೆಂದೇ ಹುಟ್ಟಿದ್ದು' ಎಂಬ ಅರ್ಥದ ಮಾತು. ಹನ್ನೊಂದು ಸಲ ಅದನ್ನು ಕೋಡಿಗೆ ಒಯ್ದೆ. ಪ್ರತಿ ಸಲವೂ ಮನೆಗೆ ಬಂದು, ಕಾಲು ತೊಳೆಯುವ ಮೊದಲು ರೀಲು ತೊಳೆದೆ. ಹನ್ನೊಂದನೆಯ ಸಂಜೆ, ಅಕ್ಟೋಬರು, ಇಳಿತ ಮುಗಿದು ನೀರು ತಿರುಗುವ ಹೊತ್ತು. ಕಲ್ಲಿನ ಸಂದಿಯಿಂದ ಕೆಂಬೇರಿಯೊಂದು ಹೊಡೆಯಿತು. ಕೆಂಬೇರಿ ಕಚ್ಚಿದ ಮೊದಲ ಐದು ಸೆಕೆಂಡಿನಲ್ಲಿ ಅದನ್ನು ಕಲ್ಲಿನಿಂದ ಈಚೆ ಎಳೆಯದಿದ್ದರೆ ಮುಗಿಯಿತು. ನಾನು ಹ್ಯಾಂಡಲ್ ತಿರುಗಿಸಿದೆ. ಹ್ಯಾಂಡಲ್ ನನ್ನನ್ನು ತಿರುಗಿಸಿತು. ಅದೇ ಆ '+1', ಹಿಂದಕ್ಕೆ ತಿರುಗದಂತೆ ತಡೆಯಬೇಕಾದ ಕ್ಲಚ್, ಅಂದು ರಜೆ ಹಾಕಿತ್ತು. ಹಿಡಿಗುಂಡಿ ಬೆರಳಿನ ಗಂಟಿಗೆ ಟಕಟಕನೆ ನಾಲ್ಕು ಏಟು ಕೊಟ್ಟು ಹಿಂದೆ ಸುತ್ತಿತು, ದಾರ ಸಡಿಲಾಯಿತು, ಮೀನು ಕಲ್ಲಿಗೆ ಹೋಯಿತು.

ಪಕ್ಕದ ಕಲ್ಲಿನ ಮೇಲೆ ಯಾವಾಗಲೂ ಕೂರುವ ಅಜ್ಜ, ಖಾಲಿ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು ಗಾಳ ಹಾಕುವವರು, ಇದನ್ನೆಲ್ಲ ನೋಡುತ್ತಿದ್ದರು. "ಹ್ವಾಯ್, ಅದಕ್ಕೆಷ್ಟ್ ಕೊಟ್ರಿ?" ಎಂದರು.

ನಾನು ಮನೆಯಲ್ಲಿ ಹೇಳಿದ ರೇಟನ್ನೇ ಹೇಳಿದೆ. ಅದು ನಿಜವಾದ ರೇಟಿನ ಅರ್ಧ.

"ಅಷ್ಟಕ್ಕೆ ಒಂದ್ ಮೂಟೆ ಬಂಗುಡೆ ಬತ್ತಿತ್ತಲೆ ಮಾರಾಯ್ರೆ" ಎಂದು ಅವರು ತಮ್ಮ ದಾರದ ಕಡೆ ತಿರುಗಿದರು. ವಿಜ್ಞಾನ ಗೊತ್ತಿಲ್ಲದವರ ಜತೆ ವಾದ ಮಾಡಿ ಫಲವಿಲ್ಲ.

ಆ ರಾತ್ರಿ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ರೀಲನ್ನು ಬಿಚ್ಚಿದೆ. ಮೂರು ಸ್ಕ್ರೂ ಬಂದವು. ನಾಲ್ಕನೆಯದು ಬರಲಿಲ್ಲ. ಅದರ ತಲೆಯ ಸುತ್ತ ಸುಣ್ಣದ ಹಾಗೆ ಬಿಳಿ ಪುಡಿ ಉಬ್ಬಿಕೊಂಡಿತ್ತು. ಅಲ್ಯೂಮಿನಿಯಂ ಬಾಡಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಆ ಬ್ಯಾಟರಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತ ಹೋಗುತ್ತದೆ. ಮೆಗ್ನೀಸಿಯಂ ಬಾಡಿಯಾದರೆ ಇನ್ನೂ ರುಚಿಯಾಗಿ ತಿನ್ನುತ್ತದೆ, ಮೇಲಿನ ಬಣ್ಣ ಒಂದು ಕಡೆ ಕೆರೆದುಹೋಗಿದ್ದರೆ ಸಾಕು. ರೀಲಿನ ಜತೆಗೆ ಒಂದು ಬ್ಯಾಟರಿಯನ್ನೂ ಕೊಟ್ಟಿರುವ ವಿಷಯವನ್ನು ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ, ಅಂಥ ನಿರಾಡಂಬರ. ಸ್ಕ್ರೂವನ್ನು ಕೊನೆಗೆ ಕೊರೆದು ತೆಗೆದೆ. ಒಳಗೆ ಗ್ರೀಸು ಹಸಿರಾಗಿತ್ತು, ಹಿತ್ತಾಳೆಯ ಪಿನಿಯನ್ ಗೇರಿನ ಪ್ರಸಾದ. ಒಂದು ಬೇರಿಂಗನ್ನು ಕಡ್ಡಿಯಿಂದ ಮುಟ್ಟಿದೆ. ಅದು ತಿರುಗಲಿಲ್ಲ, ಕಿತ್ತಳೆ ಬಣ್ಣದ ಪುಡಿಯನ್ನು ಪೇಪರಿನ ಮೇಲೆ ಉದುರಿಸಿತು. ಸೀಲು? ಸೀಲು ಅದ್ಭುತವಾಗಿ ಕೆಲಸ ಮಾಡಿತ್ತು. ಒಳಗೆ ಹೊಕ್ಕ ಉಪ್ಪುನೀರಿನ ಒಂದು ಹನಿಯನ್ನೂ ಹೊರಗೆ ಹೋಗಲು ಬಿಟ್ಟಿರಲಿಲ್ಲ.

ಮರುದಿನ ಸರ್ವೀಸಿಗೆ ಫೋನ್ ಮಾಡಿದೆ. ಬಹಳ ವಿನಯದ ಹುಡುಗ.

"ಸರ್, ಸಮುದ್ರದಲ್ಲಿ ಯೂಸ್ ಮಾಡಿದ್ರಾ?"

"ಹೌದಪ್ಪ."

"ಅದೇ ಸರ್ ಪ್ರಾಬ್ಲಮ್ಮು."

ಡಬ್ಬಿಯ ಮೇಲಿನ ಮೀನಿನ ಚಿತ್ರದ ಬಗ್ಗೆ ಕೇಳಿದೆ. ಅದು ಚಿತ್ರ ಎಂದ. ವಾರಂಟಿಯಲ್ಲಿ ತಯಾರಿಕೆಯ ದೋಷ ಮಾತ್ರ ಬರುತ್ತದೆ, ತುಕ್ಕು ಬರುವುದಿಲ್ಲ, ಸವೆತ ಬರುವುದಿಲ್ಲ, ಬಿಚ್ಚಿದ್ದರೆ ಯಾವುದೂ ಬರುವುದಿಲ್ಲ. ನಾನು ಬಿಚ್ಚಿದ್ದೆ. ಕ್ಲಚ್ ಒಂದನ್ನು ದುಡ್ಡು ಕೊಟ್ಟೇ ಕೊಳ್ಳುತ್ತೇನೆ ಎಂದೆ. "ಆ ಮಾಡೆಲ್ ನಿಂತೋಯ್ತು ಸರ್. ಹೊಸದು ಬಂದಿದೆ, ಬಾಳಿಕೆ ಡಬಲ್" ಎಂದ. ಆ ಕ್ಷಣದಲ್ಲಿ ನನಗೆ ಈ ಉದ್ಯಮದ ತಿರುಳು ಹೊಳೆದುಬಿಟ್ಟಿತು. ಬಾಳಿಕೆ ಎಂಬುದು ರೀಲಿನ ಗುಣವಲ್ಲ. ಅದು ಮುಂದಿನ ರೀಲಿನ ಗುಣ.

ಲೆಕ್ಕ ಹಾಕಿ ನೋಡಿ. ಶಿಮಾನೊದವರ ಕಿರೀಟಪ್ರಾಯ ಸ್ಟೆಲ್ಲಾ ಮೊದಲು ಬಂದದ್ದು 1992ರಲ್ಲಿ. ಆಮೇಲೆ 1995, 1998, 2001, 2004, 2007, 2010. ಅಲ್ಲಿಂದ ನಾಲ್ಕು ವರ್ಷಕ್ಕೊಮ್ಮೆ, 2014, 2018, 2022. 2022ರ ತನಕ ಒಟ್ಟು ಹತ್ತು ಅವತಾರ, ವಿಷ್ಣುವಿಗೆ ಸಮ. ನಾನು ಮಾತಾಡಿದ ಹುಡುಗನ ಸೂತ್ರವನ್ನು, ಅಂದರೆ ಪ್ರತಿ ಹೊಸದೂ ಹಳೆಯದಕ್ಕಿಂತ ಎರಡು ಪಟ್ಟು ಎಂಬುದನ್ನು, ಹತ್ತು ಅವತಾರಕ್ಕೆ ಅನ್ವಯಿಸಿದರೆ ಕೊನೆಯದು ಮೊದಲನೆಯದಕ್ಕಿಂತ 512 ಪಟ್ಟು ಬಾಳಬೇಕು. 1992ರ ಸ್ಟೆಲ್ಲಾಗಳು ಇಂದಿಗೂ ಕೆಲವರ ಕೈಯಲ್ಲಿ ತಿರುಗುತ್ತಿವೆ. ಮೂವತ್ತು ವರ್ಷವೆಂದೇ ಇಟ್ಟುಕೊಳ್ಳಿ. 2022ರದನ್ನು ಕೊಂಡವರು ಅದನ್ನು 15,360 ವರ್ಷಗಳ ತನಕ ಯಾರಿಗೆ ಒಪ್ಪಿಸುವುದು ಎಂದು ಈಗಲೇ ಉಯಿಲು ಬರೆಸಿಡುವುದು ಲೇಸು. ಅಷ್ಟು ಬಾಳುವ ವಸ್ತುವನ್ನು ನಾಲ್ಕೇ ವರ್ಷದಲ್ಲಿ ಬದಲಿಸಲು ಕಂಪನಿಗೆ ಎಂಥ ಗಟ್ಟಿ ಎದೆ ಬೇಕು! ಸ್ಟೆಲ್ಲಾ ಒಳ್ಳೆಯ ರೀಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೊಸದು ಹತ್ತು ವರ್ಷ ಬಾಳುತ್ತದೆಯೇ ಎಂದು ತಿಳಿಯಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಅದು ಅಂಗಡಿಯಲ್ಲಿ ಇರುವುದಿಲ್ಲ. ತೀರ್ಪು ಬರುವ ಹೊತ್ತಿಗೆ ಆರೋಪಿ ನಿವೃತ್ತ.

ತೀರ್ಪಿಗೆ ಅಷ್ಟು ಕಾಯಲಾಗದವರಿಗೆ ಬೇರೆ ಏರ್ಪಾಡು ಇದೆ. ಅಮೆರಿಕದ ಒರ್ಲ್ಯಾಂಡೊದಲ್ಲಿ ಜುಲೈ ತಿಂಗಳಲ್ಲಿ ನಡೆಯುವ ಐಕ್ಯಾಸ್ಟ್ ಮೇಳದಲ್ಲಿ ಹೊಸ ಸಾಮಾನುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿರುತ್ತಾರೆ. ಕೊಳ್ಳುವ ವರ್ತಕರೂ ಪತ್ರಕರ್ತರೂ ಸುತ್ತು ಹಾಕಿ, ಹ್ಯಾಂಡಲ್ ತಿರುಗಿಸಿ, ವರ್ಷದ ಶ್ರೇಷ್ಠ ರೀಲಿಗೆ ಮತ ಹಾಕುತ್ತಾರೆ. ವಧುಪರೀಕ್ಷೆಯ ದಿನವೇ ಸುವರ್ಣ ದಾಂಪತ್ಯದ ಸನ್ಮಾನ. ಇನ್ನು ವಿಡಿಯೋ ವಿಮರ್ಶಕರು. ರೀಲು ಮಾರುಕಟ್ಟೆಗೆ ಬಂದ ದಿನವೇ 'ದೀರ್ಘಕಾಲದ ಬಳಕೆಯ ಅನುಭವ' ಹೇಳುವ ಶಕ್ತಿ ಅವರದು. ಅದರಲ್ಲಿ ಹನ್ನೆರಡು ನಿಮಿಷ ಡಬ್ಬಿ ಬಿಚ್ಚುವುದು, ಎರಡು ನಿಮಿಷ ಕೆರೆಯ ದಂಡೆ. ರೀಲನ್ನು ಕಂಪನಿಯವರೇ ಕಳಿಸಿದ್ದು, ಆದರೂ ಅಭಿಪ್ರಾಯ ಪೂರ್ತಿ ತನ್ನದೇ ಎಂದು ಆರಂಭದಲ್ಲೇ ಹೇಳಿಬಿಡುವ ಅವರ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಉಂಡ ಮನೆಯ ಸಾರಿಗೆ ಉಪ್ಪು ಕಡಿಮೆ ಎನ್ನುವುದು ನಮ್ಮ ಸಂಸ್ಕೃತಿಯೂ ಅಲ್ಲ. ರೀಲಿನ ವಿಷಯದಲ್ಲಂತೂ ಉಪ್ಪು ಕಡಿಮೆಯಾದಷ್ಟೂ ಕ್ಷೇಮ.

ಬಾಳುವ ರೀಲು ಮಾಡಿದವರ ಗತಿಯನ್ನೂ ಹೇಳಬೇಕು, ಉಳಿದವರಿಗೆ ಎಚ್ಚರಿಕೆಯಾಗಲಿ. ಆಸ್ಟ್ರೇಲಿಯಾದ ಚಾರ್ಲ್ಸ್ ಆಲ್ವಿ ಎಂಬಾತ 1920ರಲ್ಲಿ ಬ್ರಿಸ್ಬೇನಿನಲ್ಲಿ ರೀಲು ಮಾಡಲು ಕೂತ. ಅದರಲ್ಲಿ ಗೇರಿಲ್ಲ. ಎಸೆಯುವಾಗ ಸ್ಪೂಲನ್ನು ಅಡ್ಡಕ್ಕೆ ತಿರುಗಿಸಬೇಕು, ಎಳೆಯುವಾಗ ನೆಟ್ಟಗೆ ಮಾಡಬೇಕು. ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಸ್ಪೂಲೂ ಒಂದೇ ಸುತ್ತು. ಮರಳು ಹೊಕ್ಕರೆ ಅಲೆಯಲ್ಲೇ ಅದ್ದಿ ಜಾಲಾಡಿಸಿ ಮತ್ತೆ ಗಾಳ ಎಸೆಯುತ್ತಾರೆ. ಅಜ್ಜನದು ಅಪ್ಪನಿಗೆ, ಅಪ್ಪನದು ಮಗನಿಗೆ. ಇಂಥದನ್ನು ಮಾರಿದವನು ಒಂದು ಮನೆಗೆ ಎಷ್ಟು ಸಲ ಮಾರಿಯಾನು? 2017ರಲ್ಲಿ ಕಂಪನಿ ಬಾಗಿಲು ಹಾಕುವುದಾಗಿ ಸಾರಿತು. ಆಮೇಲೆ ಹೊಸ ಮಾಲೀಕರು ಸಿಕ್ಕಿ ಹೆಸರು ಉಳಿಯಿತು ಎನ್ನುವುದು ಬೇರೆ ಮಾತು. ಸ್ಪಿನ್ನಿಂಗ್ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಉಣ್ಣೆ ಗಿರಣಿಯ ಒಡೆಯ. ಉರುಳೆಯ ತಲೆಯಿಂದ ನೂಲು ಸಲೀಸಾಗಿ ಕಳಚಿ ಬರುವುದನ್ನು ಕಂಡವನು. ನೋಡಿ, ಅವನಿಗೆ ಗಿರಣಿಯೊಂದಿತ್ತು.

ನಮ್ಮ ನಾಡಿನದೇ ಒಂದು ಪ್ರಸಂಗವನ್ನು ಈ ಗೊಣಗುವವರು ಆಗಾಗ ಎತ್ತುತ್ತಾರೆ. 1946ರ ಮಾರ್ಚಿನಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಕಬಿನಿ ಹೊಳೆಯಲ್ಲಿ ಗಾಳಕ್ಕೆ ಎಳೆದ ಬಿಳಿಮೀನು, ಅಂದರೆ ಮಹಶೀರ್, 120 ಪೌಂಡ್ ತೂಗಿತು. ಸುಮಾರು 54 ಕಿಲೋ. ಐಪಿ ಅಂಕಿಗಳ ಆ ಐಇಸಿ ಮಾನದಂಡ ಹುಟ್ಟಿದ್ದು ಅದಾಗಿ ಮೂವತ್ತು ವರ್ಷದ ಮೇಲೆ, 1976ರಲ್ಲಿ. "ಹಾಗಾದರೆ ಅಂಕಿ ಇಲ್ಲದೆ ಅಷ್ಟು ದೊಡ್ಡ ಮೀನು ಹೇಗೆ ಬಂತು?" ಎಂದು ಕೇಳುತ್ತಾರೆ. ಇದಕ್ಕೆ ನನ್ನ ಉತ್ತರ ಸರಳ. ಆ ಮೀನಿಗೆ ಓದು ಬರುತ್ತಿರಲಿಲ್ಲ.

ಕೋಡಿಗೆ ನಾನು ಈಗಲೂ ಹೋಗುತ್ತೇನೆ. ಎಂಟನೆಯ ರೀಲು ಬುಕ್ ಮಾಡಿದ್ದೇನೆ, ಐಪಿಎಕ್ಸ್8, 12+1, ಬಾಳಿಕೆ ಡಬಲ್. ಅದು ಬರುವತನಕ ಅಜ್ಜ ತಮ್ಮ ಇನ್ನೊಂದು ಬಾಟಲಿಯನ್ನು ಕೊಟ್ಟಿದ್ದಾರೆ. ಶೂನ್ಯ ಬೇರಿಂಗು, ಡ್ರ್ಯಾಗು ತೋರುಬೆರಳು, ಸರ್ವೀಸು, ಲುಂಗಿಯ ತುದಿ. ಹೋದ ವಾರ ಅದರಲ್ಲಿ ಒಂದೂವರೆ ಕಿಲೋದ ಕೊಕ್ಕರ್ ಬಂತು. ಇದನ್ನು ಕಂಪನಿಗಳ ವಿರುದ್ಧದ ಸಾಕ್ಷ್ಯವಾಗಿ ಯಾರೂ ಬಳಸಬಾರದಾಗಿ ವಿನಂತಿ, ಅದು ಅಚಾತುರ್ಯದಿಂದ ಆದದ್ದು.

ಎಂಟನೆಯದಕ್ಕೆ ಕಪಾಟಿನಲ್ಲಿ ಜಾಗ ಬೇಕಾಗಿರುವುದರಿಂದ ಒಂದು ರೀಲು ಮಾರುವುದಿದೆ. ಉಪ್ಪುನೀರಿಗೆಂದೇ ಹುಟ್ಟಿದ್ದು. ಸಮುದ್ರ ಕಂಡದ್ದು ಹನ್ನೊಂದು ಸಲ ಮಾತ್ರ, ಪ್ರತಿ ಸಲವೂ ತೊಳೆದಿದೆ. ಡಬ್ಬಿ, ಬಟ್ಟೆಚೀಲ, ವಾರಂಟಿ ಕಾರ್ಡು ಎಲ್ಲ ಹೊಸದರಂತೆ ಇವೆ. ಮೂರು ಸ್ಕ್ರೂ ಅಸಲಿ. ಆಸಕ್ತರು ಭಾನುವಾರ ಬೆಳಗ್ಗೆ ಕೋಡಿಯ ಬ್ರೇಕ್‌ವಾಟರಿನ ಹತ್ತಿರ ಬಂದು ನೋಡಬಹುದು. ಹ್ಯಾಂಡಲ್ ಮಾತ್ರ ತಿರುಗಿಸಬೇಡಿ.